ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಲ್ಯಾಪ್‌ಟಾಪ್: ದುಡ್ಡು ಕೊಡುವ ಮೊದಲು ನೋಡಬೇಕಾದ್ದು

ಕಾಲೇಜು ಶುರುವಾಗುವ ಹೊತ್ತಿಗೆ ಡೊಂಬಿವಲಿ, ಥಾಣೆ, ಮಾಟುಂಗಾ, ಭಾಂಡುಪ್ ಕಡೆಯ ಕನ್ನಡದ ಮನೆಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮೂವತ್ತು ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ತಗೊಳ್ಳೋದು?" ನನ್ನ ಉತ್ತರ ಬದಲಾಗಿಲ್ಲ. ಆ ದುಡ್ಡಿಗೆ ಸಿಗುವ ಹೊಸದಕ್ಕಿಂತ, ದೊಡ್ಡ ಕಂಪನಿಯ ಆಫೀಸಿನಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಂದ ಹಳೆಯದೇ ಮೇಲು. ಷರತ್ತು ಎರಡು: ಅಂಗಡಿಯಲ್ಲೇ ಒಂದು ಗಂಟೆ ಕೂತು ಪರೀಕ್ಷೆ ಮಾಡಬೇಕು, ಪಕ್ಕಾ ಬಿಲ್ ಇಲ್ಲದೆ ಹೊರಗೆ ಕಾಲಿಡಬಾರದು.

ಮೂವತ್ತು ಸಾವಿರದೊಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸೆಲೆರಾನ್ ಥರದ ದುರ್ಬಲ ಪ್ರೊಸೆಸರ್ ಇರುತ್ತದೆ. ಹಲವದರಲ್ಲಿ ರ‍್ಯಾಮನ್ನು, ಅಂದರೆ ಓಡುತ್ತಿರುವ ಕೆಲಸವನ್ನು ಹಿಡಿದಿಡುವ ಮೆಮೊರಿಯನ್ನು, ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಕೆಲವದರಲ್ಲಿ ವೇಗದ ಡಿಸ್ಕಾದ ಎಸ್‌ಎಸ್‌ಡಿ ಬದಲಿಗೆ ಇಎಂಎಂಸಿ, ಅಂದರೆ ಅಗ್ಗದ ಮೊಬೈಲುಗಳಲ್ಲಿರುವಂಥ ನಿಧಾನದ ಸಂಗ್ರಹ. ಎರಡನೇ ಸೆಮಿಸ್ಟರಿಗೇ ಅದು ತೆವಳತೊಡಗುತ್ತದೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್‌ಗಳ ಕಥೆ ಬೇರೆ. ಇವು ಆಫೀಸಿಗೆಂದೇ ತಯಾರಾದವು: ಕೀಬೋರ್ಡು ಗಟ್ಟಿ, ಬಿಚ್ಚುವುದು ಸುಲಭ, ಬಿಡಿಭಾಗಗಳು ಧಾರಾಳ. ಕಂಪನಿಗಳು ಇವನ್ನು ಲೀಸಿಗೆ ಪಡೆದು, ಅವಧಿ ಮುಗಿದಾಗ ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಬಿಟ್ಟುಕೊಡುತ್ತವೆ. ವ್ಯಾಪಾರಿಗಳ ಬಾಯಲ್ಲಿ ಅದು 'ಲಾಟ್ ಮಾಲ್'. ಆ ಲಾಟ್ ಬಂದು ಬೀಳುವ ಜಾಗಗಳಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಮುಖ್ಯವಾದದ್ದು.

ಒಂದು ಮಾತು ಮೊದಲೇ. ಮಗನಿಗೋ ಮಗಳಿಗೋ ಕ್ಯಾಂಪಸ್ ಸೆಲೆಕ್ಷನ್ ಆಗಿ ಐರೋಲಿಯಲ್ಲೋ ಹಿಂಜವಾಡಿಯಲ್ಲೋ ಸಾಫ್ಟ್‌ವೇರ್ ಕೆಲಸಕ್ಕೆ ಸೇರುವುದಿದ್ದರೆ ಅವಸರ ಬೇಡ. ಸಾಮಾನ್ಯವಾಗಿ ಕಂಪನಿಯೇ ಲ್ಯಾಪ್‌ಟಾಪ್ ಕೊಡುತ್ತದೆ. ಆದರೂ ಸ್ವಂತದ್ದೊಂದು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿಯ ಯಂತ್ರದಲ್ಲಿ ಸ್ವಂತ ಪ್ರಾಜೆಕ್ಟು, ಮುಂದಿನ ಕೆಲಸದ ರೆಸ್ಯೂಮೆ, ಬ್ಯಾಂಕಿನ ಕಾಗದಪತ್ರ ಇಡಬಾರದು. ಮೊದಲ ಸಂಬಳ ಬಂದ ಮೇಲೆ ಕೊಂಡರಾಯಿತು.

1. ಏನು ಬೇಕೆಂದು ಮನೆಯಲ್ಲೇ ತೀರ್ಮಾನಿಸಿ

ಅಂಗಡಿಯವರು ಮೊದಲು ತೋರಿಸುವುದು 'ಐ7' ಸ್ಟಿಕ್ಕರ್. ಅದಕ್ಕೆ ಮಾರುಹೋಗಬೇಡಿ. ನೋಡಬೇಕಾದ್ದು ಜನರೇಶನ್, ಅಂದರೆ ಪ್ರೊಸೆಸರ್ ಎಷ್ಟನೇ ಪೀಳಿಗೆಯದು ಎಂಬುದು. ಅಡ್ಡಗೆರೆಯ ನಂತರದ ಅಂಕೆಯಲ್ಲೇ ಅದು ಬರೆದಿರುತ್ತದೆ. ಐ5-7200ಯು ಅಂದರೆ ಏಳನೆಯದು, ಐ5-8250ಯು ಎಂಟನೆಯದು, ಐ5-10210ಯು ಹತ್ತನೆಯದು, ಐ5-1135ಜಿ7 ಹನ್ನೊಂದನೆಯದು.

ಏಳಕ್ಕೂ ಎಂಟಕ್ಕೂ ನಡುವೆ ದೊಡ್ಡ ಕಂದಕವಿದೆ. 7200ಯುನಲ್ಲಿ ಎರಡು ಕೋರ್, 8250ಯುನಲ್ಲಿ ನಾಲ್ಕು. ಕೋರ್ ಎಂದರೆ ಏಕಕಾಲಕ್ಕೆ ಲೆಕ್ಕ ಮಾಡುವ ಘಟಕ, ಹಾಗಾಗಿ ದುಡಿಯುವ ಕೈಗಳೇ ಎರಡುಪಟ್ಟಾದವು. ಎರಡನೆಯ ಕಾರಣ ಇನ್ನೂ ಮುಖ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಐ-ಸರಣಿಯಲ್ಲಿ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದಲೇ ಶುರು. ಆರು, ಏಳನೆಯ ಪೀಳಿಗೆಯ ಯಂತ್ರಗಳಿಗೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುತ್ತಾರೆ. ಓಡುತ್ತದೆ ನಿಜ. ಆದರೆ ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆದ್ದರಿಂದ ಎಂಟಕ್ಕಿಂತ ಕೆಳಗಿನದು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಬಜೆಟ್ ಒಪ್ಪಿದರೆ ಹತ್ತು ಅಥವಾ ಹನ್ನೊಂದಕ್ಕೆ ಹೋಗಿ. ಎಎಂಡಿ ಆದರೆ ರೈಝೆನ್ 3000 ಸರಣಿ ಅಥವಾ ಅದರ ನಂತರದ್ದು.

ರ‍್ಯಾಮ್ 8 ಜಿಬಿ ಇರಲೇಬೇಕು. ಆಂಡ್ರಾಯ್ಡ್ ಸ್ಟುಡಿಯೋದಂಥ ಭಾರದ ಸಾಫ್ಟ್‌ವೇರ್ ಓಡಿಸುವುದಿದ್ದರೆ 16 ಬೇಕು. 'ಈಗ 8 ತಗೊಳ್ಳಿ, ಮುಂದೆ ಹಾಕಿಸಿಕೊಳ್ಳಿ' ಎಂಬುದು ಹಿಂದೆ ಒಳ್ಳೆಯ ಸಲಹೆಯಾಗಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ, 16 ಇರುವ ಯಂತ್ರವನ್ನೇ ಹುಡುಕುವುದು ಈಗ ಜಾಣತನ. ಪರದೆ 1920x1080 ಇರಲಿ. ಹಳೆಯ ಆಫೀಸ್ ಮಾಡೆಲ್‌ಗಳಲ್ಲಿ 1366x768ರ ಮಂಕು ಪರದೆಯೂ ಬರುತ್ತದೆ, ದಿನವಿಡೀ ಕೋಡ್ ಓದುವ ಕಣ್ಣಿಗೆ ಅದು ಶಿಕ್ಷೆ.

ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಯಂತ್ರ ಅದು. ಮ್ಯಾಕ್‌ಬುಕ್ ಬೇಕೇಬೇಕೆಂದರೆ ಆಪಲ್‌ನದೇ ಎಂ1 ಚಿಪ್ ಇರುವ 2020ರ ಏರ್ ಅಥವಾ ಅದರ ನಂತರದ್ದನ್ನು ನೋಡಿ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್‌ನ 2025ರ ಟಾಹೋ ಆವೃತ್ತಿಯೇ ಕೊನೆಯದೆಂದು ಆಪಲ್ ಹೇಳಿಬಿಟ್ಟಿದೆ.

2. ಹೊರಡುವ ಮುನ್ನ

ಒಂದು ಪೆನ್ ಡ್ರೈವ್, ಅದರಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ತಂತ್ರಾಂಶದ ಪೋರ್ಟಬಲ್ (ಇನ್‌ಸ್ಟಾಲ್ ಮಾಡದೆಯೇ ಓಡುವ) ಆವೃತ್ತಿ. ಒಂದು ಇಯರ್‌ಫೋನ್. ಹಾಟ್‌ಸ್ಪಾಟ್ ಕೊಡಲು ಡೇಟಾ ಇರುವ ಫೋನು. ಇಷ್ಟು ಸಾಕು.

ಲ್ಯಾಮಿಂಗ್ಟನ್ ರೋಡಿಗೆ ಕಾಗದದಲ್ಲಿರುವ ಹೆಸರು ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. ಪಶ್ಚಿಮ ರೈಲ್ವೆಯ ಗ್ರ್ಯಾಂಟ್ ರೋಡ್ ಸ್ಟೇಶನ್‌ನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಬಂತು. ಡೊಂಬಿವಲಿ, ಥಾಣೆ ಕಡೆಯವರು ದಾದರ್‌ನಲ್ಲಿ ಬದಲಿಸಿ ಸ್ಲೋ ಲೋಕಲ್ ಹಿಡಿಯಿರಿ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಸಂಜೆ ವಿಪರೀತ ಗದ್ದಲ. ವಾರದ ನಡುವೆ, ಅಂಗಡಿ ತೆರೆದ ಹೊತ್ತಿಗೇ ಹೋದರೆ ವ್ಯಾಪಾರಿಗೂ ತಾಳ್ಮೆ ಇರುತ್ತದೆ, ನಿಮಗೂ ಕೂರಲು ಸ್ಟೂಲ್ ಸಿಗುತ್ತದೆ. ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಹತ್ತಿರ. ಗೋವಾದಲ್ಲಿ ಇಷ್ಟು ದೊಡ್ಡ ಪೇಟೆ ಇಲ್ಲ, ಆನ್‌ಲೈನಿನಲ್ಲಿ ತರಿಸುವವರೇ ಹೆಚ್ಚು. ಹಾಗೆ ತರಿಸಿದರೆ ಕೆಳಗಿನ ಪರೀಕ್ಷೆಗಳನ್ನೆಲ್ಲ ಹಿಂತಿರುಗಿಸುವ ಅವಧಿಯೊಳಗೆ ಮನೆಯಲ್ಲಿ ಮಾಡಿ ಮುಗಿಸಿ.

3. ಮೈಯನ್ನು ನೋಡಿ

'ಎ ಗ್ರೇಡ್', 'ಬಿ ಗ್ರೇಡ್' ಎಂದು ವ್ಯಾಪಾರಿಗಳು ಹೇಳುವುದು ಹೆಚ್ಚಾಗಿ ಹೊರಮೈಯ ಗೀರು, ಸವೆತಗಳ ಲೆಕ್ಕ. ಒಳಗಿನ ಆರೋಗ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಚ್ಚಳದ ಮೇಲೆ ನಾಲ್ಕು ಗೀರಿದ್ದರೆ ಬೇಸರ ಬೇಡ, ಅದನ್ನೇ ಹೇಳಿ ಬೆಲೆ ಇಳಿಸಿ.

ಲ್ಯಾಪ್‌ಟಾಪನ್ನು ಮಟ್ಟಸವಾದ ಗಾಜಿನ ಕೌಂಟರ್ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಅಲ್ಲಾಡಿದರೆ, ಅಥವಾ ಟಚ್‌ಪ್ಯಾಡ್ ಒಂದು ಬದಿ ಉಬ್ಬಿ ಕ್ಲಿಕ್ ಆಗದಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಊದಿದ ಲಿಥಿಯಂ ಬ್ಯಾಟರಿ ಬೆಂಕಿಗೆ ದಾರಿ, ಆ ಯಂತ್ರವನ್ನು ಅಲ್ಲೇ ಬಿಟ್ಟುಬಿಡಿ. ಪರದೆಯನ್ನು ಒಂದೇ ಕೈಯಿಂದ ನಿಧಾನವಾಗಿ ತೆರೆಯಿರಿ. ಕಟಕಟ ಸದ್ದಾದರೆ, ಅಂಚಿನ ಪ್ಲಾಸ್ಟಿಕ್ ಬಾಯಿಬಿಟ್ಟರೆ ಹಿಂಜ್ ಹೋಗಿದೆ ಎಂದರ್ಥ.

ಕರಾವಳಿಯ ಊರುಗಳಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಫೋನಿನ ಟಾರ್ಚ್ ಹಾಕಿ ಯುಎಸ್‌ಬಿ ಮತ್ತು ಎಚ್‌ಡಿಎಂಐ ಕಿಂಡಿಗಳೊಳಗೆ ನೋಡಿ. ಹೊಳೆಯಬೇಕಾದ ಲೋಹದ ಪಟ್ಟಿಗಳ ಮೇಲೆ ಹಸಿರು ಅಥವಾ ಬೂದುಬಿಳಿ ಹುಡಿ ಕೂತಿದ್ದರೆ ಮಳೆನೀರೋ ಉಪ್ಪುಗಾಳಿಯೋ ಒಳಗೆ ಹೊಕ್ಕಿದೆ. ತಳದ ಸ್ಕ್ರೂಗಳ ತಲೆಯಲ್ಲಿ ತುಕ್ಕು ಕಂಡರೂ ಅದೇ ಅರ್ಥ. ಮುಂಬಯಿಯ ಮಳೆಗಾಲದಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ಬ್ಯಾಗ್ ತೋಯಿಸಿಕೊಂಡ ಯಂತ್ರಗಳು ಈ ಪೇಟೆಗೂ ಬರುತ್ತವೆ. ಇಂದು ಚೆನ್ನಾಗಿ ಓಡುವ ಅಂಥದ್ದು ಮುಂದೊಂದು ದಿನ ಹೇಳದೆ ಕೇಳದೆ ಸಾಯುತ್ತದೆ.

4. ಬಯಾಸ್‌ ಒಳಗೆ ಹೋಗಿ: ಹೆಚ್ಚಿನವರು ಬಿಟ್ಟುಬಿಡುವ ಹಂತ

ಬಯಾಸ್ ಎಂದರೆ ವಿಂಡೋಸ್‌ಗಿಂತ ಮೊದಲು ಎಚ್ಚರಗೊಳ್ಳುವ, ಬೋರ್ಡಿನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶ. ಯಂತ್ರ ಆನ್ ಮಾಡಿದ ಕೂಡಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತುತ್ತಿರಿ.

ಅದು ಪಾಸ್‌ವರ್ಡ್ ಕೇಳಿ, ಅಂಗಡಿಯವರಿಗೆ ಅದು ಗೊತ್ತಿಲ್ಲದಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಬೋರ್ಡೇ ಬದಲಿಸಬೇಕು ಎನ್ನುತ್ತದೆ ಲೆನೊವೊ. 'ಚಲ್ತಾ ಹೈ, ಉಸ್ಕಾ ಕಾಮ್ ನಹೀ ಪಡ್ತಾ' ಎಂಬ ಸಮಾಧಾನವನ್ನು ನಂಬಬೇಡಿ.

ಒಳಗೆ ಹೋದ ಮೇಲೆ ಮೂರು ಸಂಗತಿ ನೋಡಿ. ಸೀರಿಯಲ್ ನಂಬರ್, ಡೆಲ್ ಆದರೆ ಸರ್ವಿಸ್ ಟ್ಯಾಗ್, ತಳದ ಸ್ಟಿಕ್ಕರಿನಲ್ಲಿರುವುದಕ್ಕೆ ಹೊಂದುತ್ತದೆಯೇ? ಹೊಂದದಿದ್ದರೆ ಬೋರ್ಡ್ ಬದಲಾಗಿದೆ, ಇಲ್ಲವೇ ತಳ ಬದಲಾಗಿದೆ. ಆ ನಂಬರನ್ನು ಕಂಪನಿಯ ಸಪೋರ್ಟ್ ತಾಣದಲ್ಲಿ ಹಾಕಿದರೆ ವಾರಂಟಿ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಕಾಣುತ್ತದೆ. ಯಂತ್ರದ ನಿಜವಾದ ವಯಸ್ಸು ಅದು. ಎರಡನೆಯದು, ಟಿಪಿಎಂ 2.0, ಅಂದರೆ ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್, ಆನ್ ಇದೆಯೇ ಎಂಬುದು. ಮೂರನೆಯದು ಕಂಪ್ಯೂಟ್ರೇಸ್ ಅಥವಾ ಆಬ್ಸಲ್ಯೂಟ್ ಎಂಬ ಹೆಸರಿನ ಸಾಲು. ಕಳುವಾದ ಯಂತ್ರವನ್ನು ದೂರದಿಂದಲೇ ಲಾಕ್ ಮಾಡಲು ಕಂಪನಿಗಳು ಹಾಕಿಸುವ ವ್ಯವಸ್ಥೆ ಅದು. ಅಲ್ಲಿ 'ಆಕ್ಟಿವೇಟೆಡ್' ಎಂದಿದ್ದರೆ ಬೇಡ.

ಇದಕ್ಕಿಂತ ಹೆಚ್ಚು ಜನರನ್ನು ಬೀಳಿಸುವ ಬಲೆ ಆಟೋಪೈಲಟ್. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್ ಬಳಿ ತಮ್ಮ ಹೆಸರಿಗೆ ನೋಂದಾಯಿಸಿರುತ್ತವೆ. ಮಾರುವಾಗ ಆ ನೋಂದಣಿ ತೆಗೆಯದಿದ್ದರೆ, ನೀವು ಎಂದಾದರೂ ವಿಂಡೋಸ್ ರೀಸೆಟ್ ಮಾಡಿ ಇಂಟರ್ನೆಟ್ ಜೋಡಿಸಿದ ಕ್ಷಣ ಆ ಕಂಪನಿಯ ಹೆಸರು ಪರದೆಗೆ ಬಂದು, ಅವರ ಉದ್ಯೋಗಿಯ ಲಾಗಿನ್ ಕೇಳುತ್ತದೆ. ಅಂಗಡಿಯಲ್ಲಿ ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿರುವುದರಿಂದ ಅಲ್ಲಿ ಇದು ಕಾಣುವುದೇ ಇಲ್ಲ. ಹಾಗಾಗಿ ಹೊಸದಾಗಿ ವಿಂಡೋಸ್ ಹಾಕಿ, ಮೊದಲ ಸೆಟಪ್ ಪರದೆಯಲ್ಲೇ ನಿಲ್ಲಿಸಲು ಹೇಳಿ. ಅಲ್ಲಿ ನಿಮ್ಮ ಫೋನಿನ ಹಾಟ್‌ಸ್ಪಾಟ್ ಜೋಡಿಸಿ. ಯಾವ ಕಂಪನಿಯ ಹೆಸರೂ ಬಾರದೆ ನಿಮ್ಮ ಸ್ವಂತ ಖಾತೆ ಕೇಳಿದರೆ ಸರಿ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಮ್ಯಾಕ್‌ನಲ್ಲಿ ಇದೇ ತೊಂದರೆ 'ರಿಮೋಟ್ ಮ್ಯಾನೇಜ್‌ಮೆಂಟ್' ಮತ್ತು 'ಆಕ್ಟಿವೇಶನ್ ಲಾಕ್' ಎಂಬ ಹೆಸರಿನಲ್ಲಿ ಎದುರಾಗುತ್ತದೆ.

5. ಬ್ಯಾಟರಿಯ ಜಾತಕ

'ಮೂರು ಗಂಟೆ ಬ್ಯಾಕಪ್ ಗ್ಯಾರಂಟಿ' ಎಂಬ ಮಾತು ಬೇಡ, ಯಂತ್ರವೇ ಬರೆದುಕೊಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಟೈಪಿಸಿದರೆ ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಮುಂದಕ್ಕೆ ಬಾಗಿದ ಓರೆಗೆರೆ, ಬ್ಯಾಟರಿರಿಪೋರ್ಟ್, ಇಷ್ಟನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿ. ವರದಿಯ ಕಡತ ಎಲ್ಲಿದೆಯೆಂದು ಅದೇ ಹೇಳುತ್ತದೆ, ಬ್ರೌಸರ್‌ನಲ್ಲಿ ತೆರೆಯಿರಿ.

'ಡಿಸೈನ್ ಕೆಪ್ಯಾಸಿಟಿ' ಎಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು, 'ಫುಲ್ ಚಾರ್ಜ್ ಕೆಪ್ಯಾಸಿಟಿ' ಎಂದರೆ ಈಗ ಹಿಡಿಯುವುದು. ಮೊದಲನೆಯದು 50,000, ಎರಡನೆಯದು 41,000 ಇದ್ದರೆ ಶೇ. 82 ಉಳಿದಿದೆ, ಮೂರು ವರ್ಷದ ಯಂತ್ರಕ್ಕೆ ಅದು ಒಳ್ಳೆಯದೇ. ಶೇ. 65ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ಕಳೆಯಲು ಹೇಳಿ. ಎರಡೂ ಸಂಖ್ಯೆ ಅಕ್ಷರಶಃ ಒಂದೇ ಇದ್ದು, ಸೈಕಲ್ ಕೌಂಟ್, ಅಂದರೆ ಎಷ್ಟು ಸಲ ಪೂರ್ತಿ ಚಾರ್ಜ್ ಬಳಕೆಯಾಗಿದೆ ಎಂಬ ಲೆಕ್ಕ, ಸೊನ್ನೆ ಎಂದಿದ್ದರೆ ಡೂಪ್ಲಿಕೇಟ್ ಬ್ಯಾಟರಿ ಇರಬಹುದೆಂದು ಅನುಮಾನಿಸಿ. ಸಂಖ್ಯೆಗಳನ್ನು ಓದಿದ ಮೇಲೆ ಚಾರ್ಜರ್ ತೆಗೆದು ಇಪ್ಪತ್ತು ನಿಮಿಷ ವಿಡಿಯೋ ಓಡಿಸಿ. ಅಷ್ಟರಲ್ಲಿ ಶೇ. 15ಕ್ಕಿಂತ ಹೆಚ್ಚು ಇಳಿದರೆ ವರದಿ ಏನೇ ಹೇಳಲಿ, ಬ್ಯಾಟರಿ ಸೋತಿದೆ.

ಹೊಸ ವಿಂಡೋಸ್ ಹಾಕಿದ ಮೇಲೆ ಹಿಂದಿನ ಬಳಕೆಯ ಚರಿತ್ರೆ ಈ ವರದಿಯಲ್ಲಿ ಕಾಣುವುದಿಲ್ಲ, ಆದರೆ ಆ ಎರಡು ಸಂಖ್ಯೆಗಳು ಬ್ಯಾಟರಿಯ ಚಿಪ್‌ನಿಂದಲೇ ಬರುವುದರಿಂದ ಉಳಿದಿರುತ್ತವೆ.

6. ಎಸ್‌ಎಸ್‌ಡಿ ಮತ್ತು ರ‍್ಯಾಮ್

ಪೆನ್ ಡ್ರೈವಿನಿಂದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಹೆಲ್ತ್ ಸ್ಟೇಟಸ್ 'ಗುಡ್' ಇರಬೇಕು, ಪಕ್ಕದ ಶೇಕಡಾ 80ರ ಮೇಲಿದ್ದರೆ ನಿಶ್ಚಿಂತೆ. 'ಕಾಶನ್' ಎಂಬ ಹಳದಿ ಬಣ್ಣ ಕಂಡರೆ ಡಿಸ್ಕ್ ಬದಲಿಸಿಕೊಡಲು ಹೇಳಿ. 'ಪವರ್ ಆನ್ ಅವರ್ಸ್' ಎಂದರೆ ಡಿಸ್ಕ್ ಒಟ್ಟು ದುಡಿದ ಗಂಟೆಗಳು. ನಾಲ್ಕು ವರ್ಷದ ಯಂತ್ರದಲ್ಲಿ ಅದು ಹತ್ತೋ ಇಪ್ಪತ್ತೋ ಇದ್ದರೆ ಡಿಸ್ಕ್ ಈಚೆಗೆ ಬದಲಾಗಿದೆ. ತಪ್ಪಲ್ಲ, ಆದರೆ ಮೇಲೆ ಕಾಣುವ ಹೆಸರು ನೋಡಿ. ಕೇಳರಿಯದ ಕಂಪನಿಯದಾದರೆ ಬೇರೆ ಕೇಳಿ.

ರ‍್ಯಾಮ್‌ಗೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ. 'ಸ್ಲಾಟ್ಸ್ ಯೂಸ್ಡ್' ಎದುರು ಎರಡರಲ್ಲಿ ಒಂದು ಎಂದಿದ್ದರೆ ಇನ್ನೊಂದು ಜಾಗ ಖಾಲಿ ಇದೆ.

7. ಪರದೆ, ಕೀಬೋರ್ಡು, ಚಾರ್ಜರ್

ಪರದೆ ಪೂರ್ತಿ ಬಿಳಿ ಮಾಡಿ, ಆಮೇಲೆ ಪೂರ್ತಿ ಕಪ್ಪು ಮಾಡಿ. ಬಿಳಿಯಲ್ಲಿ ಕಪ್ಪು ಚುಕ್ಕೆ, ಹಳದಿ ಮಬ್ಬು ಕಾಣುತ್ತವೆ. ಕಪ್ಪಿನಲ್ಲಿ ಅಂಚಿನಿಂದ ಸೋರುವ ಬೆಳಕು ಕಾಣುತ್ತದೆ. ಬದಿಯಿಂದ ನೋಡಿದಾಗ ಬಣ್ಣ ತಿರುಗಿದರೆ ಅದು ಹಳೆಯ ಟಿಎನ್ ಪ್ಯಾನಲ್, ಬದಿಯಿಂದಲೂ ಬಣ್ಣ ಕೆಡದ ಐಪಿಎಸ್ ಪ್ಯಾನಲ್ ಕೇಳಿ. ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀಯನ್ನೂ ಒತ್ತಿ. ಎಲ್ಲ ಯುಎಸ್‌ಬಿಗಳಿಗೂ ಪೆನ್ ಡ್ರೈವ್ ಹಾಕಿ ನೋಡಿ. ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ವೈಫೈ, ಇಯರ್‌ಫೋನ್ ಕಿಂಡಿ ಬಿಡಬೇಡಿ. ಸಂದರ್ಶನಗಳೆಲ್ಲ ವಿಡಿಯೋದಲ್ಲೇ ನಡೆಯುವ ಕಾಲದಲ್ಲಿ ಮೈಕ್ ಕೆಟ್ಟಿದ್ದರೆ ಕೆಲಸವೇ ಕೈತಪ್ಪೀತು.

ಚಾರ್ಜರ್ ಮೂಲದ್ದೇ ಕೇಳಿ. ಡೆಲ್ ಯಂತ್ರಗಳು ಅನೇಕ ವೇಳೆ ಚಾರ್ಜರನ್ನು ಗುರುತಿಸಲಾಗದಿದ್ದರೆ ಬ್ಯಾಟರಿ ತುಂಬುವುದಿಲ್ಲ, ಪ್ರೊಸೆಸರನ್ನೂ ನಿಧಾನಗೊಳಿಸುತ್ತವೆ. ಬಯಾಸ್‌ನಲ್ಲಿ ಚಾರ್ಜರ್ ಎಷ್ಟು ವ್ಯಾಟ್‌ನದು ಎಂದು ಸರಿಯಾಗಿ ತೋರಿಸಿದರೆ ಅದು ಹೊಂದಿದೆ.

8. ವಿಂಡೋಸ್ ಅಸಲಿಯೇ?

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳ ಲೈಸೆನ್ಸ್ ಕೀ ಸಾಮಾನ್ಯವಾಗಿ ಬಯಾಸ್ ಚಿಪ್‌ನೊಳಗೇ ಇರುತ್ತದೆ. ಸರಿಯಾದ ಆವೃತ್ತಿ ಹಾಕಿದರೆ ತಾನಾಗಿ ಸಕ್ರಿಯವಾಗುತ್ತದೆ. ಹಾಗಿದ್ದೂ ಹಲವರು ಕಳ್ಳ ಆಕ್ಟಿವೇಟರ್, ಅಂದರೆ ಲೈಸೆನ್ಸ್ ಇಲ್ಲದೆಯೇ ವಿಂಡೋಸನ್ನು ಸಕ್ರಿಯಗೊಳಿಸುವ ತಂತ್ರಾಂಶ, ಓಡಿಸಿಯೇ ಕೊಡುತ್ತಾರೆ. ಅದರ ಜೊತೆ ಏನೇನು ಒಳಬಂದಿದೆಯೋ ಹೇಳಲಾಗದು. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ 'ಡಿಜಿಟಲ್ ಲೈಸೆನ್ಸ್' ಎಂಬ ಪದ ಹುಡುಕಿ. ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಲ್‌ಎಂಜಿಆರ್, ಸ್ಪೇಸ್, ಓರೆಗೆರೆ, ಎಕ್ಸ್‌ಪಿಆರ್ ಎಂದು ಇಂಗ್ಲಿಷಿನಲ್ಲಿ ಬರೆದರೆ 'ಪರ್ಮನೆಂಟ್ಲಿ' ಎಂದು ಬರಬೇಕು. ಆರು ತಿಂಗಳೊಳಗಿನ ಯಾವುದೋ ತಾರೀಖು ತೋರಿಸಿದರೆ ನಿಮ್ಮ ಹೆಸರಿನ ಲೈಸೆನ್ಸ್ ಅದಲ್ಲ.

9. ಬಿಲ್: ಇದರಲ್ಲಿ ರಾಜಿ ಬೇಡ

ಮುಂಬಯಿ ಪೇಟೆಯಲ್ಲಿ 'ಕಚ್ಚಾ ಬಿಲ್' ಎಂದರೆ ಚೀಟಿಯ ಮೇಲೆ ಬರೆದ ಮೊತ್ತ, 'ಪಕ್ಕಾ ಬಿಲ್' ಎಂದರೆ ಜಿಎಸ್‌ಟಿ ನಂಬರ್ ಇರುವ ಇನ್‌ವಾಯ್ಸ್. ಬಿಲ್ ಬೇಡವೆಂದರೆ ದರ ಇಳಿಸುವ ಮಾತು ಬರುತ್ತದೆ. ಮಣಿಯಬೇಡಿ. 'ಪಕ್ಕಾ ಬಿಲ್ ಚಾಹಿಯೇ, ಸೀರಿಯಲ್ ನಂಬರ್ ಲಿಖ್ ಕೇ' ಎಂದು ಬೆಲೆ ಮಾತಾಡುವಾಗಲೇ ಹೇಳಿಬಿಡಿ, ಕೊನೆಗಲ್ಲ.

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕೆಗಳಿರುತ್ತವೆ, ಮೊದಲ ಎರಡು ರಾಜ್ಯದ ಸಂಕೇತ: ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ಕರ್ನಾಟಕಕ್ಕೆ 29. ಲ್ಯಾಮಿಂಗ್ಟನ್ ರೋಡಿನ ಅಂಗಡಿಯ ಬಿಲ್ 27ರಿಂದ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನ 'ಸರ್ಚ್ ಟ್ಯಾಕ್ಸ್‌ಪೇಯರ್' ಪುಟದಲ್ಲಿ ಆ ನಂಬರ್ ಹಾಕಿದರೆ ಅಂಗಡಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಲಾಗಿನ್ ಇಲ್ಲದೆ ಕಾಣುತ್ತದೆ.

ಇಷ್ಟೇಕೆ ಒತ್ತಿ ಹೇಳುತ್ತೇನೆಂದರೆ, ಕಳವಿನ ಮಾಲೆಂದು ತಿಳಿದೂ, ಅಥವಾ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಪೊಲೀಸರು ಪ್ರಶ್ನಿಸಿದರೆ ಸೀರಿಯಲ್ ನಂಬರ್ ಬರೆದ ಬಿಲ್ಲೇ ನಿಮಗೆ ದೊಡ್ಡ ಆಸರೆ. ಸ್ಟೇಶನ್ ಹೊರಗೆ ಸಿಗೋಣ ಎಂದು ಆನ್‌ಲೈನಿನಲ್ಲಿ ಕರೆಯುವ ಅಪರಿಚಿತರಿಂದ ಕೊಳ್ಳಬೇಡಿ ಎನ್ನುವುದೂ ಇದಕ್ಕೇ. ದುಡ್ಡನ್ನು ಯುಪಿಐಯಲ್ಲಿ ಅಂಗಡಿಯ ಖಾತೆಗೇ ಕೊಡಿ, ಯಾರದೋ ಖಾಸಗಿ ನಂಬರಿಗಲ್ಲ.

'ಟೆಸ್ಟಿಂಗ್ ವಾರಂಟಿ' ಎಷ್ಟು ದಿನ ಎಂದು ಕೇಳಿ. ಕೆಟ್ಟರೆ ಬದಲಿಸಿಕೊಡುವ ಅವಧಿ ಅದು. ದಿನಗಳ ಸಂಖ್ಯೆ ಮತ್ತು ಬದಲಿ ಕೊಡುತ್ತಾರೋ, ರಿಪೇರಿ ಮಾತ್ರವೋ, ದುಡ್ಡು ವಾಪಸೋ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿ, ಮೊಹರು ಹಾಕಿಸಿ. ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ.

10. ಮನೆಗೆ ತಂದ ಮೊದಲ ವಾರ

ವಾರಂಟಿ ಇರುವಷ್ಟು ದಿನ ಯಂತ್ರವನ್ನು ಚೆನ್ನಾಗಿ ದುಡಿಸಿ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್, ವಿಡಿಯೋ ಕರೆ, ಕೋಡ್ ಎಲ್ಲ ಒಟ್ಟಿಗೆ ಓಡಲಿ. ನಿದ್ರೆಗೆ ಕಳಿಸಿ ಎಬ್ಬಿಸಿ, ರಾತ್ರಿಯಿಡೀ ಆಫ್ ಇಟ್ಟು ಬೆಳಿಗ್ಗೆ ಆನ್ ಮಾಡಿ. ತಾನಾಗಿ ಆಫ್ ಆಗುವುದು, ನೀಲಿ ಪರದೆ, ಫ್ಯಾನ್ ನಿಲ್ಲದೆ ಕಿರುಚುವುದು ಕಂಡರೆ ವಿಡಿಯೋ ತೆಗೆದುಕೊಂಡು ಮರುದಿನವೇ ಅಂಗಡಿಗೆ ಹೋಗಿ. 'ಮುಂದಿನ ವಾರ ನೋಡೋಣ' ಎಂದು ಅವರು ದಿನ ತಳ್ಳಿದರೆ ವಾಟ್ಸ್‌ಆಪ್‌ನಲ್ಲಿ ಬರೆದು ದೂರು ದಾಖಲಿಸಿ, ತಾರೀಖು ಉಳಿಯಲಿ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ಬಿಲ್ ಕೈಯಲ್ಲಿಟ್ಟುಕೊಂಡು ಕರೆ ಮಾಡಿ.

ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ವಿಂಡೋಸ್ 11 ಡಿಸ್ಕನ್ನು ತಾನಾಗಿ ಗೂಢಲಿಪಿಗೆ ತಿರುಗಿಸಬಹುದು. ಅದನ್ನು ಬಿಡಿಸುವ ಬಿಟ್‌ಲಾಕರ್ ರಿಕವರಿ ಕೀ 48 ಅಂಕೆಗಳದ್ದು, ಖಾತೆಯಲ್ಲಿ ಉಳಿದಿರುತ್ತದೆ. ಅದನ್ನು ಕಾಗದದ ಮೇಲೂ ಬರೆದು ಬಿಲ್ಲಿನ ಜೊತೆ ಇಡಿ. ಬಯಾಸ್ ಅಪ್‌ಡೇಟ್ ಮಾಡುವುದು ಇದಾದ ಮೇಲೆ, ಏಕೆಂದರೆ ಅಪ್‌ಡೇಟ್ ಆದ ಕೂಡಲೇ ಕೆಲವು ಯಂತ್ರಗಳು ಆ ಕೀಯನ್ನೇ ಕೇಳುತ್ತವೆ.